ನನ್ನೊಬ್ಬನಿಂದ ಏನಾಗತ್ತೆ?

ಪರಿಸರದ ಬಗ್ಗೆ ಮಾತು ಶುರುವಾದರೆ ಒಂದು ಹಂತದಲ್ಲಿ ಯಾರಾದರೂ ಈ ಪ್ರಶ್ನೆ ಕೇಳೇ ಕೇಳುತ್ತಾರೆ. "ಅಲ್ಲ ಗುರು, ನಾನೊಬ್ಬ ಎಸಿ ಆಫ್ ಮಾಡಿದ್ರೆ ಭೂಮಿ ತಣ್ಣಗಾಗ್ಬಿಡತ್ತಾ?" ಕೇಳಿದವರು ನಗುತ್ತಾರೆ, ಉಳಿದವರೂ ನಗುತ್ತಾರೆ, ಮಾತು ಐಪಿಎಲ್ ಕಡೆಗೋ ಅಪ್ರೈಸಲ್ ಕಡೆಗೋ ಹೊರಳುತ್ತದೆ.

ಈ ಪ್ರಶ್ನೆಯನ್ನ ಸೋಮಾರಿಗಳ ನೆಪ ಅಂತ ತಳ್ಳಿಹಾಕೋದು ಸುಲಭ. ನನಗೆ ಹಾಗನ್ನಿಸಲ್ಲ. ಇದರ ಹಿಂದೆ ಒಂದು ಲೆಕ್ಕ ಇದೆ, ಆ ಲೆಕ್ಕ ಹೆಚ್ಚೂಕಮ್ಮಿ ಸರಿಯಾಗಿಯೇ ಇದೆ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್, ಗ್ಯಾಸ್ ಸುಟ್ಟು ಜಗತ್ತು ವರ್ಷಕ್ಕೆ ಹೊರಬಿಡೋ ಇಂಗಾಲದ ಡೈಆಕ್ಸೈಡ್ ಸುಮಾರು 3,700 ಕೋಟಿ ಟನ್. ಅದರಲ್ಲಿ ಸರಾಸರಿ ಭಾರತೀಯನ ಪಾಲು ಎರಡು ಟನ್ ಆಸುಪಾಸು. ನಾನು ನಾಳೆಯೇ ಕೆಲಸ ಬಿಟ್ಟು ಹಿಮಾಲಯದ ಗುಹೆಯಲ್ಲಿ ಹೋಗಿ ಕೂತರೂ ಆ ದೊಡ್ಡ ಸಂಖ್ಯೆ ಅಲುಗಾಡಲ್ಲ. "ಹನಿ ಹನಿ ಕೂಡಿದರೆ ಹಳ್ಳ" ಅಂತ ನಾವು ಸಮಾಧಾನ ಹೇಳ್ತೀವಿ. ಆದರೆ ಉಳಿದವರೂ ಹನಿ ಹಾಕ್ತಾರೆ ಅನ್ನೋ ಗ್ಯಾರಂಟಿ ಇಲ್ಲದಿದ್ದರೆ ನನ್ನ ಹನಿ ಕಾದ ಬಂಡೆ ಮೇಲೆ ಬಿದ್ದ ಹನಿ ಅಷ್ಟೇ. ಗಾದೆ ಆ ಗ್ಯಾರಂಟಿ ಕೊಡಲ್ಲ.

ಹಾಗಾದರೆ ಲೆಕ್ಕ ಸರಿಯಿದ್ದೂ ನಮಗೆ ಏನೋ ತಪ್ಪಾಗಿದೆ ಅಂತ ಯಾಕೆ ಅನ್ನಿಸುತ್ತೆ? ತಪ್ಪು ನಿಜವಾಗಿ ಎಲ್ಲಿದೆ? ಈ ಪ್ರಶ್ನೆಗೆ ಉತ್ತರ ಹುಡುಕೋಕೆ ನಾನು ಆಕಾಶದಿಂದ ಶುರು ಮಾಡಲ್ಲ, ನೆಲದ ಕೆಳಗಿಂದ ಶುರು ಮಾಡ್ತೀನಿ. ಯಾಕಂದ್ರೆ "ನಮ್ಮೊಬ್ರಿಂದ ಏನಾಗ್ತದೆ" ಅನ್ನೋ ಮಾತನ್ನ ನಾನು ಮೊದಲು ಕೇಳಿದ್ದು ಬೆಂಗಳೂರಿನ ಆಫೀಸಲ್ಲಲ್ಲ. ಕೋಲಾರ ಜಿಲ್ಲೆಯ ನಮ್ಮೂರಲ್ಲಿ, ಬೋರ್‌ವೆಲ್ ಕೊರೆಸೋ ಮಾತು ಬಂದಾಗ.

ಕೋಲಾರ, ಚಿಕ್ಕಬಳ್ಳಾಪುರದ ಕಡೆ ವರ್ಷವಿಡೀ ಹರಿಯೋ ನದಿ ಇಲ್ಲ. ಪಾಲಾರ್, ಪಿನಾಕಿನಿಗಳು ಹುಟ್ಟೋದು ನಂದಿ ಬೆಟ್ಟದ ಆಸುಪಾಸಲ್ಲೇ ಆದರೂ ಅವು ನಮ್ಮ ಪಾಲಿಗೆ ಮಳೆಗಾಲದ ನೆಂಟರು. ವರ್ಷಕ್ಕೆ ಬೀಳೋದು ಸುಮಾರು 700 ಮಿಲಿಮೀಟರ್ ಮಳೆ. ಅದನ್ನೇ ನೆಚ್ಚಿಕೊಂಡು ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಒಂದು ಕೆರೆಯ ಕೋಡಿ ಹರಿದರೆ ಆ ನೀರು ಕೆಳಗಿನ ಊರಿನ ಕೆರೆಗೆ, ಅಲ್ಲಿಂದ ಮುಂದಿನದಕ್ಕೆ. ಕೆರೆ ನೀರು ಅಚ್ಚುಕಟ್ಟಿನ ಗದ್ದೆಗಳಿಗೆ ಹೋಗೋದು ತೂಬಿನಿಂದ. ಆ ತೂಬನ್ನ ಎತ್ತೋ, ಇಳಿಸೋ ಅಧಿಕಾರ ಒಬ್ಬನಿಗೆ ಮಾತ್ರ. ಅವನು ನೀರುಗಂಟಿ.

ನೀರುಗಂಟಿ ಶ್ರೀಮಂತ ಅಲ್ಲ. ಹೆಚ್ಚಿನ ಊರುಗಳಲ್ಲಿ ಈ ಕೆಲಸ ಮಾಡ್ತಿದ್ದದ್ದು ದಲಿತ ಕುಟುಂಬಗಳು. ಕೂಲಿ ಅಂದ್ರೆ ಸುಗ್ಗಿಯಲ್ಲಿ ಪ್ರತಿ ರೈತ ಕೊಡೋ ಒಂದಿಷ್ಟು ಧಾನ್ಯ. ಆದರೆ ನೀರಿನ ವಿಷಯದಲ್ಲಿ ಊರ ಗೌಡನೂ ಅವನ ಸರದಿ ಕಾಯಬೇಕಿತ್ತು. ಯಾವ ಗದ್ದೆಗೆ ಎಷ್ಟು ಹೊತ್ತು ನೀರು, ಯಾವ ಕಾಲುವೆಗೆ ಯಾವ ದಿನ ಅನ್ನೋದು ಅವನ ತಲೆಯಲ್ಲಿರುತ್ತಿತ್ತು. ಮಳೆ ಕೈಕೊಟ್ಟು ಕೆರೆ ಅರ್ಧವೇ ತುಂಬಿದ ವರ್ಷ ಕೆಲವು ಊರುಗಳಲ್ಲಿ ಇನ್ನೂ ಚೆಂದದ ಒಂದು ಪದ್ಧತಿ ಇತ್ತು. ಕೆರೆಗೆ ಹತ್ತಿರದ ಗದ್ದೆಗಳಲ್ಲಿ ಮಾತ್ರ ಬೆಳೆ ಇಡೋದು, ಆದರೆ ಅಲ್ಲಿ ದೂರದ ಗದ್ದೆಯವರಿಗೂ ಅವರ ಹಿಡುವಳಿಗೆ ತಕ್ಕಂತೆ ಪಾಲು ಕೊಡೋದು. ಆ ಒಂದು ವರ್ಷದ ಮಟ್ಟಿಗೆ ಜಮೀನಿನ ಮಾಲೀಕತ್ವಕ್ಕಿಂತ ನೀರಿನ ಲೆಕ್ಕ ದೊಡ್ಡದು.

ಇದನ್ನ ಹೇಳಿ "ಹಳೇ ಕಾಲವೇ ಚೆನ್ನಾಗಿತ್ತು" ಅನ್ನೋದು ನನ್ನ ಉದ್ದೇಶ ಅಲ್ಲ. ಜಮೀನಿಲ್ಲದವನಿಗೆ ಆ ನೀರಲ್ಲಿ ಪಾಲೇ ಇರಲಿಲ್ಲ. ತೂಬು ಎತ್ತುವ ಕೈಗೆ ಊರ ಸೇದೋ ಬಾವಿಯ ಹಗ್ಗ ಮುಟ್ಟೋಕೆ ಬಿಡದ ಊರುಗಳಿದ್ದವು. ನಾನು ಹೇಳ್ತಿರೋದು ಇಷ್ಟೇ: ನೀರು ಎಲ್ಲರ ಕಣ್ಣಿಗೆ ಕಾಣ್ತಿತ್ತು, ಎಷ್ಟು ಉಳಿದಿದೆ ಅಂತ ಏರಿ ಮೇಲೆ ನಿಂತ ಯಾರಿಗಾದರೂ ಗೊತ್ತಾಗ್ತಿತ್ತು, ಮತ್ತು ಹಂಚೋಕೆ ಒಬ್ಬ ಇದ್ದ.

ಬಾವಿಗಳೂ ಇದ್ದವು. ಆದರೆ ಕಪಿಲೆ ಕಟ್ಟಿ ಚರ್ಮದ ಚೀಲದಲ್ಲಿ ನೀರೆತ್ತಬೇಕಿತ್ತು. ಎತ್ತುಗಳಿಗೆ ಸುಸ್ತಾದರೆ ನೀರೆತ್ತೋದು ನಿಂತುಹೋಗ್ತಿತ್ತು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಆ ಸಿಸ್ಟಮ್ಮಿಗೆ ರೇಟ್ ಲಿಮಿಟ್ ಹಾಕಿದ್ದು ಎತ್ತುಗಳು.

ಆಮೇಲೆ ಕರೆಂಟು ಬಂತು, ಪಂಪ್‌ಸೆಟ್ ಬಂತು. ಬಾವಿ ಒಣಗಿದ ಮೇಲೆ ಬೋರ್‌ವೆಲ್ ಬಂತು. ತಮಿಳುನಾಡಿನ ತಿರುಚೆಂಗೋಡಿನ ಗಾಡಿಗಳು ಊರೂರು ತಿರುಗೋಕೆ ಶುರುವಾದವು. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲವೆಲ್ಲ ನಡೆದು ಪಾಯಿಂಟ್ ತೋರಿಸೋರು ಬಂದರು. ಕಾಯಿ ಒಡೆದು, ಊದುಬತ್ತಿ ಹಚ್ಚಿ, ಗಂಗಮ್ಮನಿಗೆ ಕೈಮುಗಿದು ಕೊರೆಯೋಕೆ ಶುರು ಮಾಡಿದರೆ ರಾತ್ರಿಯೆಲ್ಲ ಊರಿಗೇ ಸದ್ದು. ಮನೆಯವರೆಲ್ಲ ಗಾಡಿ ಪಕ್ಕದಲ್ಲೇ ನಿಂತಿರ್ತಾರೆ. ಬಿಳೀ ಧೂಳು ಏಳುತ್ತಾ ಇದ್ದರೆ ಅಡಿಗೆ ಇಷ್ಟು ಅಂತ ದುಡ್ಡು ಭೂಮಿಯೊಳಗೆ ಇಳೀತಿದೆ ಅಂತ ಅರ್ಥ. ಕೆಸರು ಚಿಮ್ಮಿದರೆ ಹಬ್ಬ. ಒಂದೂವರೆ ಇಂಚು, ಎರಡಿಂಚು ಅಂತ ಅಳತೆ. ಏನೂ ಬರದಿದ್ದರೆ "ಬೋರ್ ಫೇಲ್". ಆ ಎರಡು ಪದದಲ್ಲಿ ಎಷ್ಟು ಜನರ ಒಡವೆ, ಎಷ್ಟು ಜನರ ಮಗಳ ಮದುವೆ, ಎಷ್ಟು ಬ್ಯಾಂಕ್ ಸಾಲ ಹೂತುಹೋಗಿದೆ ಅನ್ನೋದು ಆ ಕಡೆಯವರಿಗೆ ಗೊತ್ತು.

ಮುನ್ನೂರು ಅಡಿಗೆ ಸಿಗ್ತಿದ್ದ ನೀರು ಆರುನೂರಕ್ಕೆ, ಆಮೇಲೆ ಸಾವಿರಕ್ಕೆ, ಕೆಲವು ಕಡೆ ಸಾವಿರದೈನೂರಕ್ಕೂ ಇಳೀತು. ನಮ್ಮ ಕಡೆಯದು ಗಟ್ಟಿ ಕಲ್ಲಿನ ನೆಲ. ಮರಳಿನ ನೆಲದ ಹಾಗೆ ಎಲ್ಲ ಕಡೆ ನೀರು ಕುಡಿದು ಇಟ್ಟುಕೊಳ್ಳಲ್ಲ. ಮೇಲಿನ ಸವೆದ ಪದರ ಬಿಟ್ಟರೆ ಕೆಳಗಡೆ ನೀರಿರೋದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಆ ಬಿರುಕುಗಳಿಗೆ ನಮ್ಮ ಸರ್ವೆ ನಂಬರು ಗೊತ್ತಿಲ್ಲ. ನನ್ನ ಹೊಲದಲ್ಲಿ ಇಳಿಸಿದ ಮೋಟರು ಪಕ್ಕದವರ ಹೊಲದ ಕೆಳಗಿನ ನೀರನ್ನೂ ಎಳೆಯುತ್ತೆ. ಆಳಕ್ಕೆ ಹೋದಷ್ಟೂ ಬಂಡೆಯ ಜತೆ ಬಹಳ ಕಾಲ ಇದ್ದ ಹಳೇ ನೀರು, ಅದರಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯೋ ನೀರಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ಅದು ದಾಟಿದ ಊರುಗಳಲ್ಲಿ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ, ವಯಸ್ಸಾದವರಿಗೆ ಬಗ್ಗದ ಮೂಳೆ. ಈಗ ಊರ ಮಧ್ಯೆ ಶುದ್ಧ ನೀರಿನ ಘಟಕ ಇದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಂಡು ಬೈಕಲ್ಲಿ ಇಟ್ಟುಕೊಂಡು ಬರ್ತಾರೆ.

ಇಷ್ಟೆಲ್ಲ ಆಗಿದ್ದಕ್ಕೆ ಯಾರು ಕಾರಣ? ನಾನು ತುಂಬಾ ಸಲ ಯೋಚಿಸಿದ್ದೀನಿ. ಈ ಕಥೆಯಲ್ಲಿ ವಿಲನ್ ಸಿಗಲ್ಲ. ಕಾಲೇಜಲ್ಲಿದ್ದಾಗ ಹೊಸದಾಗಿ ಪರಿಸರ ಪಾಠ ಓದಿ ಅಪ್ಪನ ಹತ್ತಿರ ವಾದಕ್ಕೆ ಕೂತಿದ್ದೆ.

"ಅಪ್ಪಾ, ಎಲ್ರೂ ಹಿಂಗೇ ಕೊರೆಸ್ತಾ ಹೋದ್ರೆ ಕೊನೆಗೆ ಯಾರಿಗೂ ನೀರಿರಲ್ಲ."

"ನಂಗೂ ಗೊತ್ತು ಕಣಪ್ಪ. ಪಕ್ಕದೋರು ಆಗ್ಲೇ ಎಂಟ್ನೂರು ಅಡಿ ಕೊರೆಸವ್ರೆ. ನಾನು ಬಿಟ್ರೆ ನೀರೇನು ಭೂಮೀಲಿ ಉಳ್ಕೊಂತದಾ? ಅವ್ರ ಮೋಟ್ರಿಗೆ ಹೋಗ್ತದೆ. ನಿನ್ ಫೀಜು ಯಾರು ಕಟ್ತಾರೆ?"

ನನ್ನ ಬಿಇ ಫೀಸು ಟೊಮೆಟೊದಿಂದ ಬಂದದ್ದು, ಟೊಮೆಟೊ ಬೋರ್ ನೀರಿಂದ ಬಂದದ್ದು. ಆ ವಾದಕ್ಕೆ ಆವತ್ತು ಉತ್ತರ ಇರಲಿಲ್ಲ. ನಿಜ ಹೇಳಬೇಕಂದ್ರೆ ಅದು ಒಳ್ಳೇ ವಾದ. ಅಪ್ಪ ಒಬ್ಬರೇ ಬೋರ್ ಕೊರೆಸದೆ ಇದ್ದಿದ್ದರೆ ಕೋಲಾರದ ಅಂತರ್ಜಲ ಒಂದು ಅಡಿಯೂ ಮೇಲೆ ಬರ್ತಿರಲಿಲ್ಲ, ನಮ್ಮ ಮನೆ ಮಾತ್ರ ಕೆಳಗೆ ಹೋಗ್ತಿತ್ತು.

ಕಾನೂನು ಕೂಡ ಅಪ್ಪನ ಕಡೆಗೇ ಇತ್ತು. 1882ರ ಈಸ್‌ಮೆಂಟ್ಸ್ ಆಕ್ಟ್ ಕಾಲದಿಂದ ನಮ್ಮ ದೇಶದಲ್ಲಿ ನಡೆದುಕೊಂಡು ಬಂದಿರೋ ತಿಳುವಳಿಕೆ ಅಂದ್ರೆ ಭೂಮಿ ಯಾರದೋ ಕೆಳಗಿನ ನೀರು ತೆಗೆಯೋ ಹಕ್ಕೂ ಅವರದೇ. ಆಗ ಕಪಿಲೆ ಇತ್ತು, ಸಬ್‌ಮರ್ಸಿಬಲ್ ಮೋಟರ್ ಇರಲಿಲ್ಲ. ಕರ್ನಾಟಕದಲ್ಲಿ 2011ರಲ್ಲಿ ಅಂತರ್ಜಲ ನಿಯಂತ್ರಣಕ್ಕೇ ಅಂತ ಕಾಯ್ದೆ ಬಂತು, ಅಧಿಸೂಚಿತ ಪ್ರದೇಶಗಳಲ್ಲಿ ಅನುಮತಿ ಇಲ್ಲದೆ ಕೊರೆಸುವಂತಿಲ್ಲ ಅಂತ ಹೇಳಿತು. ಅದೇ ಹೊತ್ತಿಗೆ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಒಂದು ಕೈ ಬ್ರೇಕ್ ಮೇಲೆ, ಇನ್ನೊಂದು ಕೈ ಆಕ್ಸಿಲರೇಟರ್ ಮೇಲೆ. ಇಡೀ ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತೋ ದೇಶ ನಮ್ಮದು. ಅಮೆರಿಕ, ಚೀನಾ ಎರಡೂ ಸೇರಿ ಎತ್ತೋದಕ್ಕಿಂತ ಜಾಸ್ತಿ.

ಈ ಗಂಟಿನ ಬಗ್ಗೆ ತಲೆ ಕೆಡಿಸಿಕೊಂಡವರಲ್ಲಿ ಡೆರೆಕ್ ಪಾರ್ಫಿಟ್ ಅನ್ನೋ ಇಂಗ್ಲಿಷ್ ತತ್ತ್ವಜ್ಞಾನಿ ಒಬ್ಬರು. 1984ರ ಅವರ ಪುಸ್ತಕದಲ್ಲಿ ಒಂದು ಕಲ್ಪನೆ ಬರುತ್ತೆ. ಸಾವಿರ ಜನ ಹಿಂಸಕರು, ಸಾವಿರ ಜನ ಬಲಿಪಶುಗಳು. ಮೊದಲು ಒಬ್ಬೊಬ್ಬ ಹಿಂಸಕ ಒಬ್ಬೊಬ್ಬ ಬಲಿಪಶುವಿನ ಯಂತ್ರದ ಗುಂಡಿಯನ್ನ ಸಾವಿರ ಸಲ ಒತ್ತುತ್ತಿದ್ದ. ಯಾರು ತಪ್ಪಿತಸ್ಥ ಅಂತ ಕೇಳೋದೇ ಬೇಡ. ಆಮೇಲೆ ವ್ಯವಸ್ಥೆ ಬದಲಾಯ್ತು. ಈಗ ಪ್ರತಿ ಹಿಂಸಕ ಒಂದು ಗುಂಡಿ ಒತ್ತಿದರೆ ಸಾವಿರ ಜನರ ಯಂತ್ರದಲ್ಲೂ ಕರೆಂಟು ಕಣ್ಣಿಗೆ ಕಾಣದಷ್ಟು, ಮೈಗೆ ಗೊತ್ತಾಗದಷ್ಟು ಏರುತ್ತೆ. ಕೊನೆಗೆ ಎಲ್ಲರ ನೋವೂ ಮೊದಲಿನಷ್ಟೇ. ಆದರೆ ಪ್ರತಿಯೊಬ್ಬ ಹಿಂಸಕನೂ ಎದೆ ತಟ್ಟಿಕೊಂಡು ಹೇಳಬಹುದು: "ನನ್ನೊಬ್ಬನಿಂದ ಯಾರಿಗೂ ಏನೂ ಆಗಿಲ್ಲ."

ಪಾರ್ಫಿಟ್ ಹೇಳೋದು, ನನ್ನ ಕೆಲಸದಿಂದ ಮಾತ್ರ ಏನಾಯ್ತು ಅಂತ ಕೇಳೋದು ನೀತಿಯ ಲೆಕ್ಕದಲ್ಲೇ ಇರೋ ಬಗ್. ನಾವು ಕೇಳಬೇಕಾದ ಪ್ರಶ್ನೆ ಬೇರೆ: ನಾನು ಮಾಡ್ತಿರೋದು, ಒಟ್ಟಾಗಿ ಯಾರಿಗೋ ಹಾನಿ ಮಾಡೋ ಒಂದು ಗುಂಪಿನ ಕೆಲಸದ ಭಾಗವಾ? ಹೌದಾದರೆ ನನ್ನ ಪಾಲು ಎಷ್ಟೇ ಸಣ್ಣದಿದ್ದರೂ ಅದು ತಪ್ಪಾಗಬಹುದು. ನಾವು ಆಫೀಸಲ್ಲಿ ದಿನಾ ನೋಡೋದೂ ಇದೇ ಅಲ್ವಾ? ಪ್ರತಿ ಟೀಮಿನ ಸರ್ವೀಸೂ ತನ್ನ ಮಟ್ಟಿಗೆ ಟೆಸ್ಟ್ ಪಾಸಾಗಿರುತ್ತೆ, ಎಲ್ಲಾ ಸೇರಿ ಒಂದೇ ಡೇಟಾಬೇಸ್ ಮೇಲೆ ಬಿದ್ದಾಗ ಪ್ರೊಡಕ್ಷನ್ ಬಿದ್ದುಹೋಗುತ್ತೆ.

ಆದರೆ ಅಪ್ಪನ ವಾದಕ್ಕೆ ಇದು ಪೂರ್ತಿ ಉತ್ತರ ಆಗಲ್ಲ. ಪಾರ್ಫಿಟ್‌ನ ಹಿಂಸಕರು ಗುಂಡಿ ಒತ್ತದೆ ಮನೆಗೆ ಹೋಗಬಹುದಿತ್ತು, ಅವರಿಗೇನೂ ನಷ್ಟ ಇರಲಿಲ್ಲ. ಅಪ್ಪ ಮೋಟರ್ ಇಳಿಸದಿದ್ದರೆ ಬೆಳೆ ಹೋಗುತ್ತೆ, ನೀರೂ ಉಳಿಯಲ್ಲ. ಎಲ್ಲರೂ ಎತ್ತುತ್ತಿರುವಾಗ ಒಬ್ಬರು ಮಾತ್ರ ಬಿಟ್ಟುಕೊಡಬೇಕು ಅನ್ನೋದು ನೀತಿ ಅಲ್ಲ, ಅವರಿಗೆ ವಿಧಿಸೋ ದಂಡ. ಅದೂ ಮೊದಲೇ ಕಡಿಮೆ ಇರೋರಿಗೆ. ಆಳಕ್ಕೆ ಕೊರೆಸೋಕೆ ದುಡ್ಡಿದ್ದವರ ಬೋರಿಂದ ದುಡ್ಡಿಲ್ಲದವರ ಬಾವಿ ಒಣಗುತ್ತೆ. ಆ ಬಾವಿಯವರ ಹತ್ತಿರ ಹೋಗಿ "ನೀರು ಮಿತವಾಗಿ ಬಳಸಿ" ಅಂತ ಉಪದೇಶ ಮಾಡೋದಕ್ಕಿಂತ ನಾಚಿಕೆಗೇಡು ಇನ್ನೊಂದಿಲ್ಲ.

ಅಂದ್ರೆ ಎತ್ತಿದರೂ ತಪ್ಪು, ಬಿಟ್ಟರೂ ಪ್ರಯೋಜನ ಇಲ್ಲ. ಗ್ಯಾರೆಟ್ ಹಾರ್ಡಿನ್ 1968ರಲ್ಲಿ ಬರೆದ ಪ್ರಸಿದ್ಧ ಲೇಖನ ಹೆಚ್ಚೂಕಮ್ಮಿ ಇಲ್ಲಿಗೇ ಬಂದು ನಿಲ್ಲುತ್ತೆ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನ ಬಿಡೋದೇ ಅವನಿಗೆ ಲಾಭ, ಹಾಗಾಗಿ ಗೋಮಾಳ ಹಾಳಾಗೋದು ಖಚಿತ. ಇದಕ್ಕೆ ಪರಿಹಾರ ಒಂದೋ ಸರ್ಕಾರದ ದೊಣ್ಣೆ, ಇಲ್ಲಾ ಖಾಸಗಿ ಬೇಲಿ.

ಇದು ಪೂರ್ತಿ ನಿಜ ಅಲ್ಲ ಅಂತ ತೋರಿಸಿದವರು ಎಲಿನಾರ್ ಆಸ್ಟ್ರಮ್. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ. ಅವರು ತಮ್ಮ ಪಿಎಚ್‌ಡಿಗೆ ಆರಿಸಿಕೊಂಡ ವಿಷಯ ಏನು ಗೊತ್ತಾ? ಅಂತರ್ಜಲ. ಲಾಸ್ ಏಂಜಲೀಸ್ ಪಕ್ಕದ ವೆಸ್ಟ್ ಬೇಸಿನ್ ಅನ್ನೋ ಜಾಗದಲ್ಲಿ ಊರುಗಳು, ಕಂಪನಿಗಳು ಎಲ್ಲಾ ಪೈಪೋಟಿ ಮೇಲೆ ನೀರೆತ್ತಿ ಎತ್ತಿ, ಕೊನೆಗೆ ಸಮುದ್ರದ ಉಪ್ಪುನೀರು ನೆಲದೊಳಗೆ ನುಗ್ಗೋಕೆ ಶುರುವಾಯ್ತು. ಅಲ್ಲಿಯೂ ಎಲ್ಲರ ಬಾಯಲ್ಲೂ ಇದ್ದದ್ದು ಅಪ್ಪನದೇ ವಾದ: ನಾನು ಬಿಟ್ಟರೆ ಪಕ್ಕದವನು ಎತ್ತುತ್ತಾನೆ. ಅವರು ಕೋರ್ಟಿಗೆ ಹೋದರು, ಅಲ್ಲಿ ಜಗಳ ಆಡುತ್ತಲೇ ಒಂದು ಒಪ್ಪಂದಕ್ಕೆ ಬಂದರು. ಆ ಒಪ್ಪಂದದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಷರತ್ತಿದೆ. ನೀರಿನ ಹಕ್ಕುಗಳಲ್ಲಿ ಶೇಕಡ 80ರಷ್ಟು ಹೊಂದಿದವರು ಸಹಿ ಹಾಕೋ ತನಕ ಇದು ಯಾರಿಗೂ ಅನ್ವಯಿಸಲ್ಲ. ಅಂದ್ರೆ ನಾನು ಸಹಿ ಹಾಕಿ ಮೋಸ ಹೋಗಲ್ಲ. ಉಳಿದವರು ಬಂದರೆ ಮಾತ್ರ ನಾನೂ ಬಂದೆ ಅಂತ ಅರ್ಥ. ಆಮೇಲೆ ಯಾರು ಎಷ್ಟು ಎತ್ತಿದರು ಅಂತ ಅಳೆದು ಎಲ್ಲರ ಮುಂದೆ ಇಡೋಕೆ ಒಂದು ಹುದ್ದೆ. ಅದರ ಹೆಸರು ವಾಟರ್‌ಮಾಸ್ಟರ್.

ನೀರುಗಂಟಿ! ಇಂಗ್ಲಿಷಿಗೆ ಅನುವಾದ ಮಾಡಿದರೆ ಇದಕ್ಕಿಂತ ಚೆನ್ನಾಗಿ ಬರಲ್ಲ.

ಅಷ್ಟು ದೂರ ಹೋಗೋದೂ ಬೇಡ. ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಜಾರ್‌ನಲ್ಲಿ ಬೀಳೋ ಮಳೆ ಕೋಲಾರಕ್ಕಿಂತ ಕಡಿಮೆ. ಪೋಪಟ್‌ರಾವ್ ಪವಾರ್ ಸರಪಂಚರಾಗಿದ್ದಾಗ ಊರಿನವರು ಸೇರಿ ವ್ಯವಸಾಯಕ್ಕೆ ಬೋರ್‌ವೆಲ್ ಬೇಡ ಅಂತ ನಿಯಮ ಮಾಡಿಕೊಂಡರು. ಕಬ್ಬು, ಬಾಳೆಯಂಥ ನೀರು ಕುಡಿಯೋ ಬೆಳೆ ಬೇಡ ಅಂದರು. ಪ್ರತಿ ವರ್ಷ ಬಿದ್ದ ಮಳೆ ನೋಡಿ ಗ್ರಾಮಸಭೆಯಲ್ಲಿ ನೀರಿನ ಬಜೆಟ್ ಹಾಕ್ತಾರೆ, ಆ ಬಜೆಟ್ ನೋಡಿ ಬೆಳೆ ನಿರ್ಧರಿಸ್ತಾರೆ. ಗುಳೆ ಹೋಗಿದ್ದವರು ಊರಿಗೆ ವಾಪಸ್ ಬಂದರು. ಅಲ್ಲಿನ ಜನ ನಮ್ಮೂರಿನವರಿಗಿಂತ ತ್ಯಾಗಿಗಳೇನಲ್ಲ. "ನಾನು ಬಿಟ್ರೆ ಪಕ್ಕದೋರು ಎತ್ತುತ್ತಾರೆ" ಅನ್ನೋ ಭಯವನ್ನ ನಿಯಮ ತೆಗೆದುಹಾಕಿತು, ಅಷ್ಟೇ. ಆ ಭಯ ಹೋದ ಮೇಲೆ ಮಿತವಾಗಿರೋದು ಪೆದ್ದತನ ಆಗಿ ಉಳಿಯಲ್ಲ.

ನನ್ನ ಪ್ರಕಾರ ಮೂಲ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. "ನನ್ನೊಬ್ಬನಿಂದ ಏನಾಗತ್ತೆ?" ಅಂದ್ರೆ, ಒಬ್ಬನಿಂದ ಹೆಚ್ಚೇನೂ ಆಗಲ್ಲ, ಅದು ಸತ್ಯ. ಹಾಗಾಗಿ ಒಬ್ಬೊಬ್ಬನೇ ಬಿಟ್ಟುಕೊಡಬೇಕು ಅನ್ನೋದು ನಮ್ಮ ಮೊದಲ ಕರ್ತವ್ಯ ಅಲ್ಲ. ಎಲ್ಲರೂ ಒಟ್ಟಿಗೆ ಬಿಟ್ಟುಕೊಡೋಕೆ ಸಾಧ್ಯವಾಗೋ ನಿಯಮವನ್ನ ಹುಟ್ಟುಹಾಕೋದು, ಹುಟ್ಟಿದ ನಿಯಮವನ್ನ ಕಾಯೋದು ಮೊದಲ ಕರ್ತವ್ಯ. ಬೋರ್ ಕೊರೆಸಿದ್ದಕ್ಕೆ ಅಪ್ಪನ ಮೇಲೆ ನನಗೆ ದೂರಿಲ್ಲ. ನೀರುಗಂಟಿಯ ಕೆಲಸ ಸದ್ದಿಲ್ಲದೆ ಮುಗಿದುಹೋದಾಗ ಅದರ ಜಾಗದಲ್ಲಿ ಇನ್ನೊಂದು ವ್ಯವಸ್ಥೆ ಬೇಕು ಅಂತ ನಮ್ಮೂರಲ್ಲಿ ಒಂದು ಸಭೆಯೂ ನಡೆಯಲಿಲ್ಲವಲ್ಲ, ನನ್ನ ದೂರು ಅದರ ಮೇಲೆ.

ಈಗ ಆಕಾಶಕ್ಕೆ ಬರೋಣ. ಹವಾಮಾನದ ಸಮಸ್ಯೆಯ ಆಕಾರ ಇದೇ. ವಾತಾವರಣ ಅನ್ನೋದು ಎಲ್ಲರಿಗೂ ಸೇರಿದ ಒಂದು ಕೆರೆ, ಆದರೆ ಉಲ್ಟಾ ಕೆರೆ. ಅದರಿಂದ ನಾವು ತೆಗೆಯಲ್ಲ, ಅದಕ್ಕೆ ಸುರಿಯುತ್ತೀವಿ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾದಲ್ಲಿ ಅಳೆಯೋಕೆ ಶುರು ಮಾಡಿದಾಗ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಪಾಲಿತ್ತು. ಈಗ 420 ದಾಟಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು ಶೇಕಡ 7ರಷ್ಟು ಹೆಚ್ಚು ನೀರಾವಿ ಹಿಡಿದಿಟ್ಟುಕೊಳ್ಳಬಲ್ಲದು. ಹಾಗಾಗಿ ಸುರಿದರೆ ಒಂದೇ ಸಲ ಸುರಿಯುತ್ತೆ. 2024ರ ಜುಲೈ 30ರಂದು ವಯನಾಡಿನ ಗುಡ್ಡ ಕುಸಿದು ಊರುಗಳೇ ಕೊಚ್ಚಿಹೋದವಲ್ಲ, ಅವತ್ತಿನ ಮಳೆಯ ರಭಸವನ್ನ ಹವಾಮಾನ ಬದಲಾವಣೆ ಸುಮಾರು ಶೇಕಡ 10ರಷ್ಟು ಹೆಚ್ಚಿಸಿತ್ತು ಅಂತ ಅಂತರರಾಷ್ಟ್ರೀಯ ವಿಜ್ಞಾನಿಗಳ ತಂಡವೊಂದು ಲೆಕ್ಕ ಹಾಕಿತು.

ನಮ್ಮ ಕಡೆ ಗುಡ್ಡ ಕುಸಿಯಲ್ಲ. ಅಲ್ಲಿ ಆಗೋದು ಬೇರೆ ರೀತಿ. 2021ರ ನವೆಂಬರಿನಲ್ಲಿ ಎಷ್ಟೋ ವರ್ಷಗಳಿಂದ ಒಣಗಿದ್ದ ಕೆರೆಗಳು ಕೋಡಿ ಬಿದ್ದವು, ಕೊಯ್ಲಿಗೆ ಬಂದಿದ್ದ ರಾಗಿ ಹೊಲದಲ್ಲೇ ನೆನೆದು ಮೊಳಕೆಯೊಡೆಯಿತು. ಎರಡೇ ವರ್ಷಕ್ಕೆ, 2023ರಲ್ಲಿ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಈ ಎರಡರಲ್ಲಿ ಯಾವುದನ್ನೂ ಪೂರ್ತಿಯಾಗಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟೋಕೆ ನಾನು ಹೋಗಲ್ಲ. ಬರ, ನೆರೆ ನಮಗೆ ಹೊಸದಲ್ಲ. ಆದರೆ ಮಳೆ ಹೀಗೆ ಏರುಪೇರಾದಾಗ ಆಪತ್ಕಾಲಕ್ಕೆ ಕೈಹಿಡೀಬೇಕಿದ್ದದ್ದು ನೆಲದೊಳಗಿನ ನೀರು. ಆ ಉಳಿತಾಯದ ಖಾತೆಯನ್ನ ಮೊದಲೇ ಖಾಲಿ ಮಾಡಿ ಕೂತಿದ್ದೀವಿ.

ಆಕಾಶದ ಕೆರೆಗೂ ನಮ್ಮೂರ ಕೆರೆಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಊರಲ್ಲಿ ನೀರೆತ್ತಿದವರು, ನೀರು ಕಳಕೊಂಡವರು ಒಂದೇ ಟೀ ಅಂಗಡಿಯಲ್ಲಿ ಎದುರಾಗ್ತಾರೆ. ಇಲ್ಲಿ ಹಾಗಾಗಲ್ಲ. ಸರಾಸರಿ ಅಮೆರಿಕನ್ ವರ್ಷಕ್ಕೆ ಹೊರಬಿಡೋದು ಸುಮಾರು 14 ಟನ್. "ಹಾಗಾದ್ರೆ ಅವರು ಮೊದಲು ಕಡಿಮೆ ಮಾಡಲಿ" ಅಂತ ನಾವು ಹೇಳೋದರಲ್ಲಿ ನ್ಯಾಯ ಇದೆ. ಆದರೆ "ಸರಾಸರಿ ಭಾರತೀಯ" ಅನ್ನೋ ಮನುಷ್ಯನ ಹಿಂದೆ ನಾನು, ನೀವು ಬಚ್ಚಿಟ್ಟುಕೊಳ್ಳಬಾರದು. ಆ ಎರಡು ಟನ್ನಿನ ಲೆಕ್ಕದಲ್ಲಿ ಸೌದೆ ಒಲೆಯ ಮುಂದೆ ಕೂತ ಹೆಂಗಸೂ ಇದ್ದಾಳೆ, ನಮ್ಮ ಮಾಲೂರು, ಮುಳಬಾಗಿಲಿನ ರೈತನೂ ಇದ್ದಾನೆ. ಬೆಂಗಳೂರಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಿ ಬರೋ ಒಂದೇ ವಿಮಾನ ಪ್ರಯಾಣದಲ್ಲಿ ಒಬ್ಬ ಪ್ರಯಾಣಿಕನ ಪಾಲು, ಲೆಕ್ಕ ಹಾಕೋ ವಿಧಾನದ ಮೇಲೆ, ಒಂದೂವರೆಯಿಂದ ಎರಡೂವರೆ ಟನ್. ಆನ್‌ಸೈಟ್ ಮೀಟಿಂಗಿಗೆ ಒಂದು ವಾರ ಹೋಗಿ ಬಂದವರು ಆ ರೈತನ ಇಡೀ ವರ್ಷದ ಪಾಲಿಗಿಂತ ಜಾಸ್ತಿ ಸುರಿದು ಬಂದಿರ್ತಾರೆ. ಆಕಾಶದ ಲೆಕ್ಕದಲ್ಲಿ ಸಾವಿರದೈನೂರು ಅಡಿ ಬೋರ್ ಕೊರೆಸಿರೋರು ನಾವು.

ನೆಲದ ಲೆಕ್ಕದಲ್ಲೂ ಅಷ್ಟೇ. ಕೋಲಾರದ ಎಪಿಎಂಸಿ ಏಷ್ಯಾದ ದೊಡ್ಡ ಟೊಮೆಟೊ ಮಾರುಕಟ್ಟೆಗಳಲ್ಲಿ ಒಂದು. ಕೋಲಾರದ ಬೋರ್ ನೀರು ಟೊಮೆಟೊ ಆಗಿ, ಹಾಲಾಗಿ ಬೆಂಗಳೂರಿಗೆ ಬರ್ತಾನೇ ಇದೆ. ನಾವು ಸುಮಾರು ನೂರು ಕಿಲೋಮೀಟರ್ ದೂರದ ಕಾವೇರಿಯಿಂದ ಪಂಪ್ ಮಾಡಿಸಿ ನೀರು ತರಿಸ್ತೀವಿ. ಬಳಸಿದ ಮೇಲೆ 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಅದನ್ನ ಎರಡನೇ ಹಂತದ ತನಕ ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಕಳಿಸ್ತೀವಿ. ಕೆರೆ ತುಂಬಿದ್ದು ನೋಡಿ ಖುಷಿಪಟ್ಟವರಿದ್ದಾರೆ, ಒಣಗಿದ ಬೋರಲ್ಲಿ ನೀರು ಬಂತು ಅನ್ನೋರಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಇಲ್ಲದೆ ಕಳಿಸೋದು ಯಾವ ನ್ಯಾಯ ಅಂತ ಕೋರ್ಟಿಗೆ ಹೋದವರೂ ಇದ್ದಾರೆ. ನನಗೆ ಕಾಡೋದು ಇನ್ನೂ ಸಣ್ಣ ಪ್ರಶ್ನೆ. ಇದೇ ಗುಣಮಟ್ಟದ ನೀರನ್ನ ನಮ್ಮ ಲೇಔಟಿನ ಪಕ್ಕದ ಕೆರೆಗೆ ಬಿಟ್ಟು, ಅದರ ಪಕ್ಕದಲ್ಲೇ ನಾವು ಬೋರ್ ಕೊರೆಸಿ ಕುಡೀತಿದ್ವಾ?

ಇಷ್ಟು ದೊಡ್ಡ ಕೆರೆಗೆ ನೀರುಗಂಟಿ ಯಾರು? ಸದ್ಯಕ್ಕೆ ಪೂರ್ತಿ ಅಧಿಕಾರ ಇರೋರು ಯಾರೂ ಇಲ್ಲ. 2015ರ ಪ್ಯಾರಿಸ್ ಒಪ್ಪಂದದಲ್ಲಿ ಪ್ರತಿ ದೇಶ ತಾನೇ ತನ್ನ ಗುರಿ ಬರೆದುಕೊಡುತ್ತೆ, ತಪ್ಪಿದರೆ ಶಿಕ್ಷೆ ಇಲ್ಲ. ಹಾಗಂತ ಇದು ಅಸಾಧ್ಯ ಅಂತ ಕೈಚೆಲ್ಲೋ ಹಾಗೂ ಇಲ್ಲ. ಓಝೋನ್ ಪದರಕ್ಕೆ ತೂತಾಗ್ತಿದೆ ಅಂತ ಗೊತ್ತಾದಾಗ 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯ್ತು. ಸೇರದ ದೇಶಗಳ ಜತೆ ಆ ರಾಸಾಯನಿಕಗಳ ವ್ಯಾಪಾರ ಮಾಡೋ ಹಾಗಿಲ್ಲ ಅನ್ನೋ ನಿಯಮ, ಬಡ ದೇಶಗಳಿಗೆ ಹೆಚ್ಚು ಸಮಯ, ಜತೆಗೆ ಹಣದ ನೆರವು. ಕೊನೆಗೆ ಜಗತ್ತಿನ ಎಲ್ಲ ದೇಶಗಳೂ ಸೇರಿದವು. ಇಂಗಾಲದ ಕಥೆ ಅದಕ್ಕಿಂತ ತುಂಬಾ ಕಷ್ಟ, ಯಾಕಂದ್ರೆ ಅದು ನಮ್ಮ ಜೀವನದ ಎಲ್ಲ ಕಡೆ ಇದೆ. ಆದರೆ ಸೂತ್ರ ಅದೇ: ಅಳೆಯೋದು, ಹಂಚೋದು, ಕಡಿಮೆ ಇರೋರಿಗೆ ರಿಯಾಯಿತಿ ಕೊಡೋದು, ಒಬ್ಬರು ಬಿಟ್ಟುಕೊಟ್ಟದ್ದನ್ನ ಇನ್ನೊಬ್ಬರು ಕಬಳಿಸದ ಹಾಗೆ ನೋಡಿಕೊಳ್ಳೋದು.

"ಸರಿ, ನಿಯಮ ಬರಲಿ. ಬರೋವರೆಗೂ ನಾನು ಆರಾಮಾಗಿರಬಹುದಾ?" ಅಂತ ಕೇಳಬಹುದು. ಅಲ್ಲೊಂದು ಎಡವೋ ಜಾಗ ಇದೆ. ನಿಯಮ ತಾನಾಗಿ ಬರಲ್ಲ. ಅದನ್ನ ಕೇಳೋ ಬಾಯಿಗೆ ಬೆಲೆ ಬರೋದು, ಕೇಳುತ್ತಿರೋರು ತಮ್ಮ ಪಾಲಿನದನ್ನ ಬಿಟ್ಟುಕೊಡೋಕೆ ತಯಾರಿದ್ದಾರೆ ಅಂತ ಕಂಡಾಗ ಮಾತ್ರ. ದಿನಾ ಪೈಪ್ ಹಿಡಿದು ಕಾರು ತೊಳೆಸೋರು ನೀರಿನ ನಿಯಮ ಬೇಕು ಅಂದ್ರೆ ಯಾರೂ ಕಿವಿಗೊಡಲ್ಲ. ಬಕೆಟ್ ಸ್ನಾನ, ಸಾಧ್ಯವಾದಾಗ ರೈಲು, ಅಗತ್ಯ ಇಲ್ಲದ ವಿಮಾನ ಬೇಡ ಅನ್ನೋದು, ಇವೆಲ್ಲ ಭೂಮಿ ಉಳಿಸಲ್ಲ. ಅವು ಸಹಿ ಹಾಕೋಕೆ ನಾನು ರೆಡಿ ಅಂತ ತೋರಿಸೋ ಗುರುತು. ಅಷ್ಟರಮಟ್ಟಿಗೆ ಅವು ಬೇಕು. ಅಲ್ಲಿಗೇ ನಿಂತು ಬೆನ್ನು ತಟ್ಟಿಕೊಂಡರೆ ಪ್ರಯೋಜನ ಇಲ್ಲ.

2024ರ ಬೇಸಿಗೆ ಬೆಂಗಳೂರಿನಲ್ಲಿದ್ದವರಿಗೆ ನೆನಪಿರಬೇಕು. ನಗರದ 13,900 ಬೋರ್‌ವೆಲ್‌ಗಳಲ್ಲಿ 6,900 ಕೆಟ್ಟು ನಿಂತಿವೆ ಅಂತ ಉಪಮುಖ್ಯಮಂತ್ರಿಗಳೇ ಹೇಳಿದರು. ಕುಡಿಯೋ ನೀರಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಟ್ಯಾಂಕರ್ ಲೆಕ್ಕ. ಆ ಟ್ಯಾಂಕರ್ ನೀರು ಎಲ್ಲಿಂದ ಬರ್ತಿತ್ತು ಅಂತ ಯಾರೂ ಕೇಳಲಿಲ್ಲ. ಅದು ಬರೋದು ಊರಾಚೆಯ ಹಳ್ಳಿಗಳ ಬೋರಿಂದ. ನಮ್ಮ ಬೋರ್ ಬತ್ತಿದ ಮೇಲೆ ಬೇರೆಯವರ ಬೋರಿಗೆ ಪೈಪ್ ಹಾಕಿದ್ವಿ, ಅಷ್ಟೇ.

ಆಗಲೇ ಮನೆಮನೆಗೂ ಮೀಟರ್ ಹಾಕಿಸೋ ವಿಷಯ ಸಭೆಗೆ ಬಂತು. ಈಗ ಎಲ್ಲರ ಮೇಂಟೆನೆನ್ಸಲ್ಲೂ ನೀರಿನ ಖರ್ಚು ಸಮನಾಗಿ ಹಂಚಿಕೆ. ಇಬ್ಬರಿರೋ ಮನೆಗೂ ಅಷ್ಟೇ, ಆರು ಜನರಿರೋ ಮನೆಗೂ ಅಷ್ಟೇ, ಬಾತ್‌ಟಬ್ ಇರೋ ಮನೆಗೂ ಅಷ್ಟೇ. ಕಟ್ಟಡ ಕಟ್ಟುವಾಗ ಒಂದೊಂದು ಫ್ಲ್ಯಾಟಿಗೆ ಮೂರ್ನಾಲ್ಕು ಕಡೆಯಿಂದ ಪೈಪ್ ಕೊಟ್ಟಿರೋದರಿಂದ ಮೀಟರೂ ಅಷ್ಟೇ ಬೇಕು, ಖರ್ಚು ಜಾಸ್ತಿ. "ಮೀಟರ್ ಹಾಕಿದ್ರೆ ಎಷ್ಟು ಉಳಿಯತ್ತೆ ಸಾರ್? ನಮ್ಮನೇಲಿ ಬಳಸೋದೇ ಕಮ್ಮಿ" ಅಂದರು ಒಬ್ಬರು. ಮಳೆ ಬಂತು, ಟ್ಯಾಂಕರ್ ನಿಂತಿತು, ವಿಷಯ ಮುಂದಿನ ಸಭೆಗೆ ಹೋಯ್ತು. ಅಲ್ಲಿಂದ ಅದರ ಮುಂದಿನದಕ್ಕೆ.

ಇಂಥ ಸಭೆಗಳು ನಮ್ಮ ಊರಲ್ಲೆಲ್ಲ ಇವೆ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ಕ್ಲಬ್‌ಹೌಸಿನಲ್ಲಿ, ಕೋರಂ ಇಲ್ಲದೆ. ಬೋರ್ ಮಾತು, ಪಾರ್ಕಿಂಗ್ ಮಾತು, ಲಿಫ್ಟಿನ ಮಾತು. ನನ್ನ ವಯಸ್ಸಿನವರು ಅಲ್ಲಿ ಕಾಣೋದು ಅಪರೂಪ. ಬರೋರು ರಿಟೈರಾದ ಹಿರಿಯರು ನಾಲ್ಕೈದು ಮಂದಿ. ಹವಾಮಾನದ ಬಗ್ಗೆ ಟ್ವೀಟ್ ಮಾಡೋಕೆ ನಮಗೆ ಪುರುಸೊತ್ತಿದೆ, ಅಲ್ಲಿಗೆ ಹೋಗೋಕೆ ಇಲ್ಲ. ಆದರೆ ಅಳೆಯೋ, ಹಂಚೋ, ಒಪ್ಪಿಸೋ ಕೆಲಸ ಕಲಿಯೋದು ಇಂಥ ಜಾಗದಲ್ಲೇ. ಇನ್ನೂರು ಮನೆಗಳ ನಡುವೆ ಒಂದು ನೀರಿನ ನಿಯಮ ಮಾಡಿಕೊಳ್ಳೋಕೆ ಆಗದವರು ಇನ್ನೂರು ದೇಶಗಳ ಮೇಲೆ ಸಿಟ್ಟಾಗೋದು ಸ್ವಲ್ಪ ತಮಾಷೆಯೇ.

ಮುಂದಿನ ಸಭೆಯ ಅಜೆಂಡಾದಲ್ಲಿ ಮೀಟರ್ ಮತ್ತೆ ಇದೆ, ಐದನೇ ಐಟಂ. ವೆಸ್ಟ್ ಬೇಸಿನ್‌ನವರ ಷರತ್ತನ್ನೇ ಅಲ್ಲಿ ಇಡಬೇಕು ಅಂತಿದ್ದೀನಿ: ನೂರಕ್ಕೆ ಎಂಬತ್ತು ಮನೆಯವರು ಒಪ್ಪೋ ತನಕ ಯಾರೂ ಒಂದು ರೂಪಾಯಿ ಕೊಡಬೇಕಿಲ್ಲ, ಎಂಬತ್ತಾದ ದಿನ ಎಲ್ಲರೂ ಕೊಡಬೇಕು. ಬಾತ್‌ಟಬ್ ಮನೆಯವರು ಏನಂತಾರೆ ನೋಡೋಣ. ನಿಮ್ಮ ಅಪಾರ್ಟ್‌ಮೆಂಟಿನ ಅಜೆಂಡಾದಲ್ಲಿ ಏನಿದೆ, ಒಮ್ಮೆ ತೆಗೆದು ನೋಡಿ.